ಪಟ್ಟಿಯಲ್ಲಿ ಏಳನೆಯದು

ನನ್ನ ಬಳಿ ಹಳೆಯ ಡೈರಿಗಳ ಒಂದು ಕಟ್ಟು ಇದೆ. ಕೆಲಸಕ್ಕೆ ಸೇರಿದ ವರ್ಷದಿಂದ ನಿವೃತ್ತಿಯ ವರ್ಷದವರೆಗೆ ಒಂದೂ ತಪ್ಪದೆ ಜೋಡಿಸಿಟ್ಟಿದ್ದೇನೆ. ಪ್ರತಿ ಪುಟದಲ್ಲೂ ಆ ದಿನದ ಕೆಲಸಗಳು, ಒಂದು, ಎರಡು, ಮೂರು ಎಂದು. ಮುಗಿದ ಕೆಲಸದ ಮೇಲೆ ಒಂದು ಗೀಟು. ಗೀಟು ಬೀಳದೆ ಉಳಿದ ಸಾಲುಗಳು ಕೆಲವಿವೆ. ಅವುಗಳಲ್ಲಿ ಒಂದನ್ನು ಮಾತ್ರ ನಾನು ಪುಟ ತೆರೆಯದೆ ಹೇಳಬಲ್ಲೆ. ಅದು ಒಂದು ಸೋಮವಾರದ ಪುಟ, ಏಳನೆಯ ಸಾಲು: ಬಾಟಲಿಗಳ ವಿಷಯ ಅಣ್ಣನಿಗೆ ಹೇಳುವುದು.

ನಮ್ಮ ತಂದೆ ಮದ್ದೂರಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ನಮ್ಮ ಮನೆಯಲ್ಲಿ ಹೊತ್ತು ತಿಳಿಯಲು ಗಡಿಯಾರ ನೋಡುತ್ತಿರಲಿಲ್ಲ, ಗಾಡಿಯ ಸದ್ದು ಕೇಳುತ್ತಿದ್ದೆವು. ಬೆಳಗಿನ ಗಾಡಿಗೆ ಮುಂಚೆ ಸ್ನಾನ, ಅದು ಹೋದ ಮೇಲೆ ತಿಂಡಿ. ಕೈದೀಪ, ಬಾವುಟ, ಕೊಡೆ, ಬೀಗದ ಕೈ, ಪ್ರತಿಯೊಂದಕ್ಕೂ ಗೋಡೆಯಲ್ಲಿ ಒಂದೊಂದು ಮೊಳೆ. "ಕತ್ತಲಲ್ಲಿ ಕೈ ಹಾಕಿದರೂ ಅದೇ ಸಿಗಬೇಕು" ಎನ್ನುವುದು ತಂದೆಯವರ ಮಾತು. ಒಮ್ಮೆ ನಾನು ಕೊಡೆಯನ್ನು ಬೇರೆ ಮೊಳೆಗೆ ತೂಗುಹಾಕಿದ್ದೆ. ಅವರು ಬೈಯಲಿಲ್ಲ. ನನ್ನ ಕಣ್ಣಿಗೆ ಟವಲು ಕಟ್ಟಿ, ಕೊಡೆ ತಾ ಎಂದರು. ನಾನು ಗೋಡೆ ತಡವುತ್ತಾ ನಿಂತೆ. ಬರಿಯ ಮೊಳೆಯನ್ನು ಮುಟ್ಟಿದ ಬೆರಳಿಗೆ ಆದ ಗಾಬರಿ ನನಗೆ ಇನ್ನೂ ನೆನಪಿದೆ. ನೆನಪಿರಬೇಕಾಗಿದ್ದ ದಿನ ಮಾತ್ರ ಅದು ನೆನಪಾಗಲಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ವಿಶ್ವವಿದ್ಯಾನಿಲಯದ ಒಂದು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಟೈಪಿಸ್ಟ್ ಆಗಿ ಸೇರಿದೆ. ಕೇಂದ್ರ ಇದ್ದದ್ದು ಮಂಡ್ಯದ ಹೊರಗೆ, ನಾಲೆಯ ಪಕ್ಕ. ಮೂರು ಕಡೆ ಕಬ್ಬಿನ ಗದ್ದೆ. ಕಾರ್ಖಾನೆಯಲ್ಲಿ ಕಬ್ಬು ಅರೆಯುವ ತಿಂಗಳುಗಳಲ್ಲಿ ಕಾಕಂಬಿಯ ವಾಸನೆ ಕಡತಗಳಿಗೂ ಹತ್ತುತ್ತಿತ್ತು. ನಾನು ಮದ್ದೂರಿನಿಂದ ದಿನವೂ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ನಡೆದು, ಒಂಬತ್ತೂ ಮುಕ್ಕಾಲಿಗೆ ಬೀರುವಿನ ಬೀಗ ತೆಗೆಯುತ್ತಿದ್ದೆ.

ನನಗಿಂತ ಮುಂಚೆ ಬರುತ್ತಿದ್ದವನು ಒಬ್ಬನೇ. ಪ್ರಯೋಗಾಲಯದಲ್ಲಿ ದಿನಗೂಲಿಯ ಮೇಲಿದ್ದ ಆಳು, ಆಗ ನಲವತ್ತೈದರ ಆಸುಪಾಸು. ನಿರ್ದೇಶಕರಿಂದ ಹಿಡಿದು ತೋಟದವರವರೆಗೆ ಎಲ್ಲರೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಅವನ ಊರು ಮಳವಳ್ಳಿಯ ಆಚೆ, ಶಿವನಸಮುದ್ರದ ಕಡೆ. ವಾರವೆಲ್ಲ ಮಂಡ್ಯದಲ್ಲಿ ತಂಗಿಯ ಮನೆಯಲ್ಲಿದ್ದು ಶನಿವಾರ ಊರಿಗೆ ಹೋಗಿ ಭಾನುವಾರ ರಾತ್ರಿ ಮರಳುತ್ತಿದ್ದ. ಮಣ್ಣನ್ನು ಕುಟ್ಟಿ ಜರಡಿ ಹಿಡಿಯುವುದು, ಗಾಜಿನ ಸಾಮಾನು ತೊಳೆಯುವುದು, ದ್ರಾವಣಗಳನ್ನು ಕಲಸಿಡುವುದು ಅವನ ಕೆಲಸ. ಚಿಟಿಕೆ ಮಣ್ಣನ್ನು ಬೆರಳಲ್ಲಿ ಉಜ್ಜಿ, ಇದು ನಾಲೆ ಕೆಳಗಿನದು, ಇದು ಮಳವಳ್ಳಿ ಕೆಂಪು ಎಂದುಬಿಡುತ್ತಿದ್ದ. ಹನ್ನೊಂದು ವರ್ಷ ದುಡಿದಿದ್ದರೂ ಅವನ ಕೆಲಸ ಖಾಯಂ ಆಗಿರಲಿಲ್ಲ.

ಆ ಹೊತ್ತಿಗೆ ಹೊಸ ನಿರ್ದೇಶಕರು ಬಂದರು. ಒಳ್ಳೆಯವರು. ವಿಶ್ವವಿದ್ಯಾನಿಲಯ ವಿದ್ಯಾರ್ಥಿಗಳಿಗೆ ಮಾತ್ರ ಕಲಿಸಿದರೆ ಸಾಲದು, ತನ್ನ ನೌಕರರಿಗೂ ಕಲಿಸಬೇಕು, ಅವರ ಮೈಯನ್ನೂ ನೋಡಿಕೊಳ್ಳಬೇಕು ಎನ್ನುವುದು ಅವರ ಮತ. ಮೂರು ಹೊಸ ಪದ್ಧತಿ ತಂದರು. ದಿನವೂ ಹನ್ನೊಂದು ಗಂಟೆಗೆ ಅಂಗಳದಲ್ಲಿ ಹತ್ತು ನಿಮಿಷ ವ್ಯಾಯಾಮ. ಶನಿವಾರ ಮಧ್ಯಾಹ್ನ ಸಿಬ್ಬಂದಿಗೆ ತರಗತಿ, ಅದರ ಕೊನೆಗೆ ಪರೀಕ್ಷೆ. ಆರು ತಿಂಗಳಿಗೊಮ್ಮೆ ಎಲ್ಲರಿಗೂ ವೈದ್ಯರ ತಪಾಸಣೆ. ಮೂರನ್ನೂ ನಡೆಸುವ ಹೊಣೆಯನ್ನು ನನಗೆ ವಹಿಸಿದರು. "ನೀವು ಅಚ್ಚುಕಟ್ಟು, ಅದಕ್ಕೇ" ಎಂದರು. ಆ ಮಾತಿನ ಹೆಮ್ಮೆ ನನಗೆ ಬಹಳ ದಿನ ಇತ್ತು.

ಹನ್ನೊಂದಕ್ಕೆ ನಾನು ಗಂಟೆ ಹೊಡೆಯುತ್ತಿದ್ದೆ. ಎಲ್ಲರೂ ನಾನು ಸುಣ್ಣದಲ್ಲಿ ಗುರುತು ಮಾಡಿದ ಜಾಗಗಳಲ್ಲಿ ನಿಂತು ಕೈ ಮೇಲೆತ್ತಬೇಕು, ಇಳಿಸಬೇಕು. ನಮ್ಮ ಜವಾನ ಮುದುಕ, ಬಾಯಿಬಡುಕ.

"ಕೈ ಎತ್ತುಸ್ತಾವ್ರೆ ಕಣ್ಲಾ, ಸಂಬಳ ಎತ್ತಾಕಿಲ್ಲ" ಎಂದು ಪಕ್ಕದವನಿಗೆ ಹೇಳುತ್ತಿದ್ದ.

"ಸುಮ್ಕೆ ಎತ್ತು ಮಾವ, ಕಂಕುಳಿಗೆ ಗಾಳಿ ಆಡ್ಲಿ" ಎನ್ನುತ್ತಿದ್ದ ಅಣ್ಣ.

ಅಣ್ಣನ ಜಾಗ ಎರಡನೆಯ ಸಾಲಿನ ತುದಿ, ನುಗ್ಗೆಮರದ ಕೆಳಗೆ.

ಕೆಲವು ತಿಂಗಳಲ್ಲಿ ಅವನ ಕಡತ ಮೇಲಿನ ಕಚೇರಿಯಿಂದ ವಾಪಸು ಬಂತು. ಖಾಯಂ ಮಾಡಬಹುದು, ಶನಿವಾರದ ತರಗತಿಯ ಪರೀಕ್ಷೆ ಪಾಸಾಗಿರಬೇಕು, ವೈದ್ಯರು ಅರ್ಹ ಎಂದು ಬರೆದಿರಬೇಕು. ಅನರ್ಹನಾದರೆ ದಿನಗೂಲಿಯೂ ಇಲ್ಲ. ಪರೀಕ್ಷೆ ಬಾಯಿಮಾತಿನದು, ಅವನು ಮೊದಲನೆಯವನಾಗಿ ಪಾಸಾದ. ಆಮೇಲೆ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತ.

"ಅಮ್ಮ, ಆ ಡಾಕುಟ್ರು ತೋರ್ಸೋ ಅಕ್ಸರದ ಆಳೆ ನಿಮ್ ಬೀರುನಾಗೆ ಅದಲ್ವಾ?"

ಇತ್ತು. ಕಣ್ಣು ಪರೀಕ್ಷೆಯ ಹಾಳೆಯನ್ನು ವೈದ್ಯರು ಮೊದಲ ತಪಾಸಣೆಗೆ ಮುಂಚೆಯೇ ನಮ್ಮಲ್ಲಿಗೆ ಕಳಿಸಿಟ್ಟಿದ್ದರು, ಪ್ರತಿಸಲ ಹೊತ್ತು ತರುವುದೇಕೆ ಎಂದು.

"ಯಾಕಣ್ಣ?"

"ಒಂದ್ ವರ್ಸದಿಂದ ಸರಿಯಾಗಿ ಕಾಣಾಕಿಲ್ಲ. ಮೈಸೂರ್ಗೆ ಓಗಿ ತೋರ್ಸ್ದೆ. ಒಳಗಿನ ನರ ಸೊರಗದೆ, ಕನ್ನಡಕ ಆಕುದ್ರೂ ಬರಾಕಿಲ್ಲ ಅಂದ್ರು." ನಕ್ಕ. "ಕರೆಂಟು ಉಟ್ಟೋ ಊರೋನು ಕಣಮ್ಮ ನಾನು. ನನ್ ಕಣ್ಣಾಗೇ ಕರೆಂಟು ಓಯ್ತಾ ಅದೆ."

"ಮತ್ತೆ ಲ್ಯಾಬಿನಲ್ಲಿ ಹೇಗೆ ಮಾಡುತ್ತೀರಿ?"

"ಕಣ್ಣು ಯಾಕಮ್ಮ ಬೇಕು. ಎಲ್ಲಾ ನಾನೇ ಮಡಗಿರೋದು. ಕೈಗೆ ಗೊತ್ತು."

ಆಗುವುದಿಲ್ಲ ಎಂದೆ. ಅದು ಮೋಸ ಎಂದೆ. ಅವನು ವಾದ ಮಾಡಲಿಲ್ಲ. "ಸರಿ ಬುಡಿ" ಎಂದು ಹೋದ. ಆ ದಿನ ರೈಲಿನಲ್ಲಿ ಕೂತಾಗ ನನಗೆ ತಂದೆಯ ಮಾತು ನೆನಪಾಯಿತು. ಕತ್ತಲಲ್ಲಿ ಕೈ ಹಾಕಿದರೂ ಅದೇ ಸಿಗುವಂತೆ ಇಟ್ಟುಕೊಂಡವನಿಗೆ ಬೆಳಕು ಇದ್ದರೇನು, ಇಲ್ಲದಿದ್ದರೇನು ಎನ್ನಿಸಿತು. ಮರುದಿನದ ಡೈರಿಯಲ್ಲಿ ಊಟದ ಹೊತ್ತಿಗೆ ಒಂದು ಸಾಲು ಸೇರಿಸಿದೆ: ಅಣ್ಣನಿಗೆ ಪಾಠ.

ಎಂಟು ದಿನ ಹೇಳಿಕೊಟ್ಟೆ. ಹಾಳೆಯಲ್ಲಿ ಐದು ಸಾಲು. ಮೊದಲ ಸಾಲಿನಲ್ಲಿ ದೊಡ್ಡದೊಂದು ಅಕ್ಷರ, ಕೊನೆಯ ಸಾಲಿನಲ್ಲಿ ಐದು ಪುಟ್ಟವು. ನಾನು ಮಾಡಿದ ಕೆಲಸ ಎಂದಾದರೂ ಅರೆಬರೆಯಾಗಿದ್ದುಂಟೇ. ಅಕ್ಷರಗಳನ್ನು ಬಾಯಿಪಾಠ ಮಾಡಿಸಿದ್ದಷ್ಟೇ ಅಲ್ಲ, ಓದುವವನ ಹಾಗೆ ಓದುವುದನ್ನೂ ಕಲಿಸಿದೆ. ಮೇಲಿನ ಸಾಲು ಬೇಗ, ಕೆಳಗಿಳಿದಂತೆ ನಿಧಾನ. ಕೊನೆಯ ಸಾಲಿನ ಎರಡನೆಯ ಅಕ್ಷರದಲ್ಲಿ ನಿಲ್ಲಬೇಕು, ಕಣ್ಣು ಕಿರಿದು ಮಾಡಬೇಕು, ತಪ್ಪು ಹೇಳಬೇಕು. "ಈ ವಯಸ್ಸಿನಲ್ಲಿ ಎಲ್ಲವೂ ಸರಿ ಬಂದರೆ ವೈದ್ಯರಿಗೆ ಅನುಮಾನ ಬರುತ್ತದೆ" ಎಂದೆ.

"ಕಳ್ಳತನಾನೂ ಎಷ್ಟು ನೀಟಾಗಿ ಮಾಡುಸ್ತೀರಮ್ಮ ನೀವು" ಎಂದ ಅಣ್ಣ.

ತಪಾಸಣೆಯ ದಿನ ನಾನು ಬಾಗಿಲ ಪಕ್ಕ ಹೆಸರು ಕರೆಯುತ್ತಾ ನಿಂತಿದ್ದೆ. ಅವನ ದನಿ ಕೇಳಿತು. ಹೇಳಿಕೊಟ್ಟ ಜಾಗದಲ್ಲಿ ನಿಂತ, ಹೇಳಿಕೊಟ್ಟ ತಪ್ಪನ್ನೇ ಹೇಳಿದ. ವೈದ್ಯರು ಅರ್ಹ ಎಂದು ಬರೆದರು. ತಿಂಗಳೊಳಗೆ ಆದೇಶ ಬಂತು. ನಾನೇ ಟೈಪು ಮಾಡಿದೆ. ಅವನು ಮೊದಲ ಸಲ ರಜೆ ಕೇಳಿ ಶುಕ್ರವಾರ, ಶನಿವಾರ ಎರಡು ದಿನ ಊರಿಗೆ ಹೋದ, ಮನೆದೇವರಿಗೆ ಹರಕೆ ಇತ್ತು. "ಸೋಮವಾರ ಬತ್ತೀನಿ" ಎಂದ.

ಮುಂದಿನ ವಾರ ಮೇಲಿನ ಕಚೇರಿಯಿಂದ ಸಮಿತಿಯೊಂದು ನಮ್ಮ ಕೇಂದ್ರ ನೋಡಲು ಬರುವುದಿತ್ತು. ನೌಕರರ ಏಳಿಗೆಗೆ ನಮ್ಮಲ್ಲಿ ಏನೇನು ನಡೆಯುತ್ತಿದೆ ಎಂದು ಬೇರೆ ಕೇಂದ್ರಗಳಿಗೆ ಮಾದರಿಯಾಗಿ ತೋರಿಸಬೇಕೆಂದು ನಿರ್ದೇಶಕರ ಆಸೆ. ಆ ಶನಿವಾರದ ತರಗತಿಗೆ ನಾನು ಇಟ್ಟ ವಿಷಯ ಕೆಲಸದ ಜಾಗದ ಶಿಸ್ತು. ಪಾಠದ ಜೊತೆಗೆ ಪ್ರಯೋಗವೂ ಇರಲಿ ಎಂದು ಎಲ್ಲರನ್ನೂ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ. ಬಾಟಲಿಗಳ ಹಲಗೆ ನೋಡಲು ಗೊಂದಲವಾಗಿತ್ತು. ಕೆಲವಕ್ಕೆ ಹಳೆಯ ಇಂಗ್ಲಿಷ್ ಚೀಟಿ, ಕೆಲವಕ್ಕೆ ಚೀಟಿಯೇ ಇಲ್ಲ. ನಾನು ಹೊಸದಾಗಿ ಬಂದಿದ್ದ ಕನ್ನಡ ಯಂತ್ರದಲ್ಲಿ ಚೀಟಿಗಳನ್ನು ಟೈಪು ಮಾಡಿ ತಂದಿದ್ದೆ. ಗೋಂದು ಹಚ್ಚಿ ಅಂಟಿಸಿದೆವು. ಎಲ್ಲ ಬಾಟಲಿಗಳನ್ನೂ ಇಳಿಸಿ, ಒರೆಸಿ, ಅಕಾರಾದಿಯಾಗಿ ಮತ್ತೆ ಜೋಡಿಸಿದೆವು.

ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎರಡನೆಯ ಹಲಗೆಯ ಬಾಟಲಿಗಳನ್ನು ಸರಿಸುವಾಗ ಹೊಳೆಯಿತು. ಇದು ಅಣ್ಣ ಮಡಗಿದ್ದು. ಕೈ ನಿಲ್ಲಿಸಿದೆ ಕೂಡ. ಆದರೆ ಅರ್ಧ ಕೆಲಸ ಆಗಿತ್ತು, ಹನ್ನೆರಡು ಜನ ನೋಡುತ್ತಿದ್ದರು, ಸಾಲು ಬಹಳ ಚೆನ್ನಾಗಿ ಕಾಣುತ್ತಿತ್ತು. ಸೋಮವಾರ ಹೇಳಿದರಾಯಿತು ಎಂದುಕೊಂಡೆ. ಮರೆಯಬಾರದೆಂದು ಅಲ್ಲೇ ಡೈರಿ ತೆಗೆದು ಸೋಮವಾರದ ಪುಟದಲ್ಲಿ ಬರೆದೆ. ಆ ಪುಟದಲ್ಲಿ ಆಗಲೇ ಆರು ಕೆಲಸಗಳಿದ್ದವು. ಇದು ಏಳನೆಯದಾಯಿತು.

ಸೋಮವಾರ ರೈಲು ತಡವಾಗಲಿಲ್ಲ. ನಾನು ತಡವಾಗಲಿಲ್ಲ. ಅಣ್ಣ ಊರಿಂದ ನೇರವಾಗಿ ಬಸ್ಸಿಳಿದು ಬಂದಿದ್ದರಿಂದ ಅವತ್ತೊಂದು ದಿನ ನನಗಿಂತ ಹಿಂದೆ ಬಂದ. ನಾನು ಮೂರನೆಯ ಕೆಲಸದಲ್ಲಿದ್ದೆ, ಸಮಿತಿಗೆ ಕೊಡುವ ವರದಿಯ ಶುದ್ಧಪ್ರತಿ. ಅವನು ಮೇಜಿನ ಮುಂದೆ ನಿಂತು ಬಾಳೆ ಎಲೆಯ ಪೊಟ್ಟಣ ಇಟ್ಟ.

"ತಂಬಿಟ್ಟು ಕಣಮ್ಮ, ದೇವರ್ದು. ನಿಮ್ ಎಸ್ರಲ್ಲೂ ಒಂದ್ ಪೂಜೆ ಮಾಡುಸ್ದೆ."

"ಇರಲಿ ಅಣ್ಣ, ಆಮೇಲೆ ತಿನ್ನುತ್ತೇನೆ" ಎಂದೆ. ಪೊಟ್ಟಣವನ್ನು ಮಸಿಕುಡಿಕೆಯ ಪಕ್ಕಕ್ಕೆ, ನೆಟ್ಟಗೆ ಸರಿಸಿದೆ.

"ಕೆಲ್ಸ ನೋಡ್ಕಳಿ, ಕೆಲ್ಸ ನೋಡ್ಕಳಿ. ನಾನೂ ಓಯ್ತೀನಿ."

ಅವನು ಹೋದ. ನಾನು ಮೂರನೆಯದನ್ನು ಮುಗಿಸಿ ಗೀಟೆಳೆದೆ. ನಾಲ್ಕನೆಯದಕ್ಕೆ ಕಾಗದ ಏರಿಸಿದೆ. ಮೂರು ಮುಗಿಯದೆ ನಾಲ್ಕಕ್ಕೆ, ನಾಲ್ಕು ಮುಗಿಯದೆ ಐದಕ್ಕೆ ಕೈ ಹಾಕುವವಳಲ್ಲ ನಾನು. ಒಂದು ಮಾತು. ಅವನು ಎರಡು ಮೊಳ ದೂರದಲ್ಲಿ ನಿಂತಿದ್ದ.

ಸೋಮವಾರ ಬೆಳಿಗ್ಗೆ ವಾರಕ್ಕಾಗುವಷ್ಟು ಕಾಸ್ಟಿಕ್ ಸೋಡಾ ದ್ರಾವಣ ಮಾಡಿಡುವುದು ಅವನ ವಾಡಿಕೆ. ತೂಗಿಟ್ಟ ಸೋಡಾವನ್ನು ಪಿಂಗಾಣಿ ಬೋಗುಣಿಗೆ ಹಾಕಿ, ಎರಡನೆಯ ಹಲಗೆಯ ಮೂರನೆಯ ಬಾಟಲಿಯಿಂದ ಬಟ್ಟಿ ಇಳಿಸಿದ ನೀರು ಸುರಿಯಬೇಕು. ಹನ್ನೊಂದು ವರ್ಷ ಆ ಜಾಗದಲ್ಲಿ ನೀರೇ ಇತ್ತು. ಶನಿವಾರದಿಂದ ಅಲ್ಲಿ ಗಂಧಕಾಮ್ಲ ಇತ್ತು. ಆಮ್ಲ ಖಾಲಿಯಾದ ಬಾಟಲಿಗಳನ್ನೇ ತೊಳೆದು ನೀರಿಗೆ ಬಳಸುತ್ತಿದ್ದರಿಂದ ಎರಡರ ಬಾಟಲಿಯೂ ಒಂದೇ. ಆಮ್ಲ ನೀರಿಗಿಂತ ಹೆಚ್ಚು ತೂಕ, ಅವನ ಕೈ ಅದನ್ನು ಹಿಡಿಯಬೇಕಿತ್ತು. ಆದರೆ ಅಂದು ಆ ಬಾಟಲಿ ಅರ್ಧ ಖಾಲಿಯಾಗಿತ್ತು. ಅರ್ಧ ಬಾಟಲಿ ಆಮ್ಲ, ತುಂಬಿದ ಬಾಟಲಿ ನೀರಿನಷ್ಟೇ ತೂಗುತ್ತಿತ್ತು.

ಸದ್ದು ಜೋರಾಗಿರಲಿಲ್ಲ. ಬಾಣಲೆಗೆ ನೀರು ಬಿದ್ದ ಹಾಗೆ. ಆಮೇಲೆ ಬೋಗುಣಿ ಒಡೆದದ್ದು. ನಾನು ಓಡಿ ಹೋದಾಗ ಅವನು ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಹೊಸದಾಗಿ ಸೇರಿದ್ದ ಸಂಶೋಧನಾ ಸಹಾಯಕರು ಅವನ ತಲೆಯನ್ನು ನಲ್ಲಿಯ ಕೆಳಗೆ ಹಿಡಿದರು. ಹನ್ನೊಂದು ಗಂಟೆಯಾಗಿತ್ತು. ಜವಾನ ಬಂದು ಬಾಗಿಲಲ್ಲಿ ನಿಂತು, "ಗಂಟೆ ನಾನೇ ಒಡೀಲಾ ಅಮ್ಮ?" ಎಂದು ನನ್ನನ್ನು ಕೇಳಿದ.

ಬಲಗಣ್ಣು ಹೋಯಿತು. ಎಡಗಣ್ಣು ಮೊದಲೇ ಹೋಗುತ್ತಿತ್ತು. ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು, ನಿರ್ದೇಶಕರ ಕೋಣೆಯಲ್ಲಿ ಕೂತರು. ಹೇಳಿಕೆ ಟೈಪು ಮಾಡಲು ನಾನು. ಅಣ್ಣನನ್ನು ಆಸ್ಪತ್ರೆಯಿಂದ ಜೀಪಿನಲ್ಲಿ ಕರೆತಂದಿದ್ದರು, ಮುಖದ ಅರ್ಧಕ್ಕೆ ಬಟ್ಟೆ ಸುತ್ತಿತ್ತು.

"ಬಾಟಲಿಯ ಮೇಲೆ ಹೆಸರು ಇತ್ತಲ್ಲವೇ?" ಎಂದರು ಹಿರಿಯ ಅಧಿಕಾರಿ.

"ಇತ್ತು ಸ್ವಾಮಿ."

"ಓದಿದಿರಾ?"

ಅವನು ಮುಖವನ್ನು ನನ್ನ ಕಡೆಗೆ, ಯಂತ್ರದ ಸದ್ದು ಬರುತ್ತಿದ್ದ ಕಡೆಗೆ, ತಿರುಗಿಸಿದ. ಕಾಣಲಿಲ್ಲ ಎಂದರೆ ವೈದ್ಯರ ಪ್ರಮಾಣಪತ್ರ ಸುಳ್ಳಾಗುತ್ತದೆ, ಹಾಳೆ ಯಾರ ಬೀರುವಿನಲ್ಲಿತ್ತು ಎಂಬ ಮಾತು ಬರುತ್ತದೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಓದ್ದೆ ಸ್ವಾಮಿ. ಗ್ಯಾನ ಎಲ್ಲೋ ಇತ್ತು. ತಪ್ಪು ನಂದೇ."

ನನ್ನ ಬೆರಳುಗಳು ನಿಂತಿದ್ದವು. "ಬರೆದುಕೊಳ್ಳಮ್ಮ" ಎಂದರು ಅಧಿಕಾರಿ. ಬರೆದುಕೊಂಡೆ. ನೌಕರನ ಸ್ವಂತ ಅಜಾಗರೂಕತೆ. ಮೂಲ ಒಂದು, ಕಾರ್ಬನ್ ಪ್ರತಿ ಮೂರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಅವನನ್ನು ಕೆಲಸಕ್ಕೆ ಅನರ್ಹನೆಂದು ಬಿಡುಗಡೆ ಮಾಡಿದ ಆದೇಶವನ್ನೂ ನಾನೇ ಟೈಪು ಮಾಡಿದೆ.

ಹನ್ನೊಂದು ಗಂಟೆಯ ವ್ಯಾಯಾಮ ನಿಲ್ಲಲಿಲ್ಲ. ನುಗ್ಗೆಮರದ ಕೆಳಗಿನ ಜಾಗ ಖಾಲಿ ಇರುತ್ತಿತ್ತು. ಮಳೆಗೆ ಸುಣ್ಣದ ಗುರುತು ಅಳಿಸಿತು, ನಾನು ಮತ್ತೆ ಹಾಕಲಿಲ್ಲ, ಆದರೂ ಅದು ಖಾಲಿಯೇ. ಅಣ್ಣನ ಬದಲಿಗೆ ಬಂದವನು ಗೊತ್ತಿಲ್ಲದೆ ಅಲ್ಲಿ ಹೋಗಿ ನಿಂತಾಗ ಜವಾನ, "ಈಚೆ ಬಾರ್ಲಾ. ಅಲ್ಲಿ ಆಳು ಅವ್ನೆ" ಎಂದ. ಅವತ್ತು ಯಾರೂ ನಗಲಿಲ್ಲ. ಎಲ್ಲರೂ ಕೈ ಎತ್ತಿದಾಗ ಆ ಖಾಲಿ ಜಾಗದಲ್ಲೂ ಒಂದು ಜೊತೆ ಕೈ ಎದ್ದಂತೆ ನನಗೆ ತೋರುತ್ತಿತ್ತು. ಗಂಟೆ ಹೊಡೆಯುವವಳು ನಾನಾದ್ದರಿಂದ ಎಲ್ಲರ ಎದುರಿಗೆ ನಿಂತು ಅದನ್ನು ದಿನವೂ ನೋಡಬೇಕಿತ್ತು.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಮದ್ದೂರಿನಿಂದ ಮಳವಳ್ಳಿಗೆ ಬಸ್ಸು ಹಿಡಿದೆ, ಅಲ್ಲಿಂದ ಇನ್ನೊಂದು. ಡೈರಿಯಲ್ಲಿ ಅಂದು ಒಂದೇ ಸಾಲು ಇತ್ತು: ಒಪ್ಪಿಕೊಳ್ಳುವುದು.

ಅಣ್ಣ ಜಗುಲಿಯ ಮೇಲೆ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ, "ಬನ್ನಿ ಅಮ್ಮ. ಗಡಿಯಾರ ನಡ್ದಂಗೆ ನಡೀತೀರಿ, ಇನ್ಯಾರು" ಎಂದ. ಅವನ ಹೆಂಡತಿ ಚೊಂಬಿನಲ್ಲಿ ನೀರು ತಂದು ನಮ್ಮಿಬ್ಬರ ನಡುವೆ ಇಟ್ಟು, "ಇವ್ರ ಕಾಟ ತಡೆಯಾಕಾಗಲ್ಲ ಕಣವ್ವ, ಕಸಪೊರ್ಕೇನೂ ಅಂಗುಲ ಕದಲ್ಸಂಗಿಲ್ಲ" ಎಂದು ಒಳಗೆ ಹೋದಳು.

ನಾನು ಹೇಳಿದೆ. ಶನಿವಾರದ ತರಗತಿ, ಚೀಟಿ, ಡೈರಿಯ ಏಳನೆಯ ಸಾಲು, ಎಲ್ಲ. ಕ್ರಮವಾಗಿಯೇ ಹೇಳಿದೆ.

"ನಂಗೊತ್ತು ಕಣಮ್ಮ."

"ಏನು ಗೊತ್ತು?"

"ಬಾಟ್ಲಿ ಎತ್ದಾಗ್ಲೇ ಒಸಾ ಗೋಂದಿನ ವಾಸ್ನೆ ಬಂತು. ಬೆರಳಿಗೆ ಚೀಟಿ ಸಿಕ್ತು. ಯಾರೋ ಏನೋ ಮಾಡವ್ರೆ ಅಂತ ಗೊತ್ತಾಯ್ತು."

"ಮತ್ತೆ ಕೇಳಬಾರದಿತ್ತೇ? ಪಕ್ಕದಲ್ಲೇ ಒಬ್ಬರಿದ್ದರು."

"ಅದುಕ್ಕೇ ಕೇಳ್ನಿಲ್ಲ. ಕೇಳುದ್ರೆ, ಓದಾಕಾಗಲ್ವಾ ಅಣ್ಣ ಅನ್ನೋರು. ಖಾಯಂ ಆಗಿ ಇನ್ನೂ ತಿಂಗ್ಳಾಗಿರ್ನಿಲ್ಲ. ನೀವು ಎಂಟು ದಿನ ಕೂತು ಕಲ್ಸಿದ್ದು ನೀರ್ಗೆ ಓಯ್ತಿತ್ತು." ನಕ್ಕ. "ಇವತ್ಗೂ ಮರ್ತಿಲ್ಲ."

ಗೋಡೆಯ ಕಡೆಗೆ ಮುಖ ಎತ್ತಿ ಹಾಳೆಯನ್ನು ಒಪ್ಪಿಸಿದ. ಮೇಲಿನ ಸಾಲು ಬೇಗ, ಕೆಳಗಿಳಿದಂತೆ ನಿಧಾನ. ಕೊನೆಯ ಸಾಲಿನ ಎರಡನೆಯ ಅಕ್ಷರದಲ್ಲಿ ನಿಂತ. ಉಳಿದಿದ್ದ ಕಣ್ಣನ್ನು ಕಿರಿದು ಮಾಡಿದ. ತಪ್ಪು ಹೇಳಿದ. ಆ ಗೋಡೆಯ ಮೇಲೆ ಸುಣ್ಣದ ಹೊರತು ಏನೂ ಇರಲಿಲ್ಲ.

ನಾನು ಚೊಂಬೆತ್ತಿ ನೀರು ಕುಡಿದೆ. ಕುಡಿದು, ಕಾಲಿಗೆ ತಗಲೀತೆಂದು ಅದನ್ನು ಗೋಡೆಯ ಅಂಚಿಗೆ ಸರಿಯಾಗಿ ಇಟ್ಟೆ. ಅಂಥ ಕೆಲಸವನ್ನು ನನ್ನ ಕೈ ನನ್ನನ್ನು ಕೇಳಿ ಮಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣನ ಕೈ ಮುಂದಕ್ಕೆ ಬಂತು. ಹೆಂಡತಿ ಇಟ್ಟ ಜಾಗಕ್ಕೆ ನೇರವಾಗಿ ಬಂತು. ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಸುಟ್ಟ ಕಲೆಯೊಂದಿಗೆ ಗಾಳಿಯಲ್ಲಿ ಬಿಚ್ಚಿಕೊಂಡು, ಮುಚ್ಚಿಕೊಂಡು, ನಿಂತವು. ಅವನು ಕೇಳಲಿಲ್ಲ. ಮುಖದಲ್ಲಿ ಏನೂ ತೋರದಂತೆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಳ್ಳತೊಡಗಿದ.

"ಅಣ್ಣ, ಚೊಂಬು ನಾನು ಸರಿಸಿದೆ. ಗೋಡೆ ಕಡೆ ಇದೆ" ಎಂದೆ.

"ಅಂಗೆ ಏಳಿ ಮತ್ತೆ" ಎಂದ. ತಡವಿ ಎತ್ತಿಕೊಂಡು ಕುಡಿದ.

ಆ ಚೊಂಬನ್ನು ಅವನು ಮೊದಲಿನ ಜಾಗದಲ್ಲೇ ಇಟ್ಟ. ಸಂಜೆಯ ಬಸ್ಸಿಗೆ ಹೊತ್ತಾಗುವವರೆಗೆ ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವನು ತೀರಿಕೊಂಡು ಬಹಳ ವರ್ಷವಾಯಿತು. ನನ್ನ ಮನೆಯಲ್ಲಿ ಎಲ್ಲಕ್ಕೂ ಒಂದೊಂದು ಜಾಗವಿದೆ, ಅಚ್ಚುಕಟ್ಟು ಎಂದು ಬಂದವರು ಹೊಗಳುತ್ತಾರೆ. ನಾನು ಏನನ್ನಾದರೂ ಎತ್ತಿಡುವಾಗಲೆಲ್ಲ ಆ ಕೈ ಪಕ್ಕದಲ್ಲಿ ಬಂದು ತೆರೆದುಕೊಳ್ಳುತ್ತದೆ. ಈಗ ಮನೆಯಲ್ಲಿ ಯಾರೂ ಇಲ್ಲ. ಆದರೂ ಎಲ್ಲಿಗೆ ಸರಿಸಿದೆ ಎಂದು ಬಾಯಿಬಿಟ್ಟು ಹೇಳುತ್ತೇನೆ.